ಉಬ್ಬುಹೇನು

ಕೂದಲು ತೆಳ್ಳಗಿದ್ದ ಹೆಣ್ಣುಮಕ್ಕಳೆಲ್ಲ ಈಗ ಉಬ್ಬುಹೇನು ಸಾಕುತ್ತಿದ್ದರು. ಬುಡದಲ್ಲಿ ಕೂತು ನೆತ್ತರು ಕುಡಿದು ಉಬ್ಬುವ ಆ ಹುಳಗಳಿಂದ ಜಡೆ ದಪ್ಪಗೆ ಕಾಣುತ್ತಿತ್ತು. ಮಕ್ಕಳು ಮೊಮ್ಮಕ್ಕಳ ಹೇನು ಹೆಕ್ಕಿಯೇ ಮುದುಕಿಯಾಗಿದ್ದ ನೀಲವ್ವನಿಗೆ ನೋಡಿದರೇ ಹೆಬ್ಬೆರಳುಗಳು ತುರಿಸುತ್ತಿದ್ದವು.

ಮೊಮ್ಮಗಳು ರೋಹಿಣಿಯನ್ನು ನೋಡಲು ಬಂದ ವರನ ತಾಯಿ ಹುಡುಗಿಯ ಬೈತಲೆ ಬಿಡಿಸಿ ಇಣುಕಿದಳು. "ಚಲೋ ಸಾಕೀರಿ. ಒಣದ್ರಾಕ್ಷಿಯಂಗ ಅದಾವ!"

ನೀಲವ್ವ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಹೊರಡುವಾಗ ವರನ ತಾಯಿ ನೀಲವ್ವನ ಕಾಲಿಗೆರಗಿದಳು. ಆಕೆಯ ತುರುಬಿನಿಂದ ಒಂದು ಹೇನು, ಎಬ್ಬಿಸಲು ಚಾಚಿದ ನೀಲವ್ವನ ಕೈಮೇಲೆ ಉದುರಿತು. ರೂಢಿಬಿದ್ದ ಹೆಬ್ಬೆರಳುಗಳು ಅದನ್ನು ಚಟ್ಟನೆ ಕುಕ್ಕಿಬಿಟ್ಟವು. ಉಗುರಿಗೆ ಆಕೆಯ ಬೆಚ್ಚನೆಯ ನೆತ್ತರು ಮೆತ್ತಿತು.

"ಕೊಂದಳಲ್ಲ ಯವ್ವಾ! ಇಂಥಾ ಮನಿ ಹೆಣ್ಣು ನಮಗ ಬ್ಯಾಡ!" ಆಕೆ ಚೀರಿದಳು. ಬಂದವರು ಹೊರಟುಹೋದರು.

ರೋಹಿಣಿ ಅಳಲಿಲ್ಲ. ಜಡೆ ಬಿಚ್ಚಿ, ಅಜ್ಜಿಗೆ ಬೆನ್ನು ಮಾಡಿ ಕೂತಳು.

"ನನ್ನವೂ ಕುಕ್ಕು, ಆಯಿ. ಕಿವ್ಯಾಗೂ ತತ್ತಿ ಇಟ್ಟಾವ."