ಸುಬೇದಾರನ ಸೂಜಿ ಚಿಕಿತ್ಸೆ

ಕ್ಲಿನಿಕ್ಕಿನ ಒಳಕೋಣೆಯ ಬಾಗಿಲು ಇವತ್ತೂ ಸದ್ದಿಲ್ಲದೆ ಮುಚ್ಚಿಕೊಂಡಿತು. ಹೆಂಡತಿ ಆಚೆ, ಡಿಪೋ ಸಾಹೇಬರು ಈಚೆ. ಏಳುವಂತಿಲ್ಲ. ತೊಡೆಯ ಮೇಲೆ ಬೆಕ್ಕು, ಬೆಕ್ಕಿನ ಬೆನ್ನ ತುಂಬ ಸೂಜಿ.

ಅದೇನು ಅಂಥಿಂಥ ಬೆಕ್ಕಲ್ಲ. ಹೆಸರು ಸುಬೇದಾರ. ಕಂಬಳಿಯಷ್ಟು ದಪ್ಪ ಕೂದಲು, ಅರ್ಧ ಎಮ್ಮೆಯಷ್ಟು ತೂಕ. ಸಾಹೇಬರು ಬಸ್ ಡಿಪೋದ ಮೇಲಧಿಕಾರಿಯಾಗಿದ್ದಾಗ ಒಂದು ಕೂಗು ಹಾಕಿದರೆ ಪಕ್ಕದೂರಿನಲ್ಲಿ ಕೆಟ್ಟು ನಿಂತ ಬಸ್ಸೂ ಹೊರಟುಬಿಡುತ್ತಿತ್ತು. ಆ ಕೂಗಿಗೆ ಕಿವಿಯನ್ನೂ ಅಲ್ಲಾಡಿಸದ ಜೀವ ಭೂಮಿಯ ಮೇಲೆ ಇದೊಂದೇ. ಅದಕ್ಕೇ ಅದರ ಮೇಲೆ ಅವರಿಗೆ ಪ್ರಾಣ.

ಬೆಕ್ಕು ಕುಂಟುತ್ತಿದೆ ಎಂದು ಕಂಡುಹಿಡಿದವಳು ಹೆಂಡತಿ. ಸಾಹೇಬರ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ.

"ನೀವು ನೋಡೋವಾಗ ಕುಂಟಲ್ಲ ರೀ. ನಿಮ್ಮೆದುರು ಅದಕ್ಕೂ ಮರ್ಯಾದೆ," ಎಂದಿದ್ದಳು.

ಸಾಹೇಬರು ಉಬ್ಬಿಹೋಗಿದ್ದರು.

ಸಾಕುಪ್ರಾಣಿಗಳಿಗೆ ಅಕ್ಯುಪಂಕ್ಚರ್ ಮಾಡುವ ಈ ಡಾಕ್ಟರನ್ನು ಹುಡುಕಿದವಳೂ ಅವಳೇ. ಎಳೆಯ ವಯಸ್ಸು, ಬೆಣ್ಣೆಯಂಥ ಮಾತು. ಇವರು ಕ್ಲಿನಿಕ್ಕಿಗೆ ಬಂದ ಮೊದಲ ದಿನವೇ ಆತ ಸಾಹೇಬರಿಗೆ ಕಟ್ಟಳೆ ಹಾಕಿದ. ಬೆಕ್ಕು ಯಾರ ತೊಡೆಗೆ ಒಗ್ಗಿದೆಯೋ ಅವರೇ ಹಿಡಿದು ಕೂರಬೇಕು. ಅರ್ಧ ಗಂಟೆ ಅಲುಗಾಡಬಾರದು, ಸೂಜಿ ಮುಟ್ಟಬಾರದು. ಮುಖ್ಯವಾಗಿ ಕೂಗಬಾರದು. ಬೆಕ್ಕು ಬೆಚ್ಚಿಬಿದ್ದರೆ ನರಕ್ಕೆ ಪೆಟ್ಟು. ಅಷ್ಟು ಹೇಳಿ ಆತ ಒಳಕೋಣೆಗೆ ಹೋದ. ಹಿಂದೆಯೇ ಅವಳು.

ಅಂದಿನಿಂದ ಪ್ರತಿ ವಾರವೂ ಇದೇ.

ಅನುಮಾನ ಒಂದೇ ದಿನಕ್ಕೆ ಹುಟ್ಟಲಿಲ್ಲ. ಚಿಕಿತ್ಸೆಯ ದಿನ ಬೆಕ್ಕನ್ನು ಬುಟ್ಟಿಗೆ ಹಾಕುವ ಮೊದಲೇ ಅವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ಇಲ್ಲಿ ಒಳಕೋಣೆಯಿಂದ ಹೊರಬರುವಾಗ ಕೂದಲು ಕೆದರಿರುತ್ತಿತ್ತು. ಒಂದು ಕೆನ್ನೆ ಕೆಂಪಗೆ. ಮುಖದಲ್ಲಿ ಮದುಮಗಳಿಗೂ ಇಲ್ಲದ ಕಳೆ. ಕೇಳಿದರೆ ಒಳಗೆ ಸೆಕೆ ಎನ್ನುತ್ತಿದ್ದಳು. ಕಳೆದ ವಾರ ಡಾಕ್ಟರು ಬೆಕ್ಕನ್ನು ಬಿಟ್ಟು ಅವಳನ್ನು ವಿಚಾರಿಸಿದ್ದ.

"ಇವತ್ತು ಹೇಗಿತ್ತು?"

"ಸ್ವರ್ಗ," ಎಂದಿದ್ದಳು ಆ ಪುಣ್ಯಾತ್ಗಿತ್ತಿ. ಗಂಡ ಎದುರಿಗೇ ಕೂತಿದ್ದರು.

ಸಾಹೇಬರು ಅವಳಿಗೇನು ಕಡಿಮೆ ಮಾಡಿದ್ದರು? ನಿವೃತ್ತರಾದ ಮೇಲಂತೂ ಅವರಿಗೆ ಅವಳೇ ಉಸಿರು. ನೀರಿಗೂ ಅವಳೇ ಬೇಕು, ಕನ್ನಡಕಕ್ಕೂ ಅವಳೇ ಬೇಕು. ಅವಳು ಬಚ್ಚಲಿಗೆ ಹೋದರೂ ಬಾಗಿಲು ಬಡಿದು ಎಷ್ಟು ಹೊತ್ತು ಎಂದು ಕೇಳುವರು. ನಡುರಾತ್ರಿ ಎಚ್ಚರವಾದರೆ ಅವಳನ್ನು ಅಲ್ಲಾಡಿಸಿ, ನಿದ್ದೆ ಬಂತಾ ಎಂದು ವಿಚಾರಿಸುವರು. ಹೆಂಡತಿಯನ್ನು ಇಷ್ಟು ಹಚ್ಚಿಕೊಂಡ ಗಂಡ ಏಳು ಲೋಕ ಸುತ್ತಿದರೂ ಸಿಗಲಾರ ಎಂಬುದು ಅವರ ಎಣಿಕೆ. ಅಂಥವಳು ಬೆಕ್ಕಿನ ಡಾಕ್ಟರನ ಪಾಲಾದರೆ ತಾವು ಬದುಕಿ ಏನು ಸುಖ?

ನಿನ್ನೆಯದು ಕೇಳಿದ ಮೇಲೆ ಅವರಿಗೆ ತುತ್ತು ಇಳಿದಿರಲಿಲ್ಲ. ಅಡುಗೆಮನೆಯಲ್ಲಿ ಅವಳು ಫೋನಿಗೆ ಬಾಯಿ ಹಚ್ಚಿ ಪಿಸುಗುಟ್ಟುತ್ತಿದ್ದಳು.

"ವಾರಕ್ಕೊಂದು ಸಲ ಸಾಲ್ತಾ ಇಲ್ಲ ಡಾಕ್ಟ್ರೇ. ಎರಡು ಸಲ ಆಗುತ್ತಾ? ಇವರಿಗೆ ನಾನು ಹೇಳ್ಕೋತೀನಿ, ಬೆಕ್ಕಿಗೆ ಜೋರಾಗಿದೆ ಅಂತ."

ಈಗ ಕುರ್ಚಿಯಲ್ಲಿ ಕೂತ ಸಾಹೇಬರ ಕಾಲು ಜೋಮು ಹಿಡಿದು ಮರದ ಕೊರಡಾಗಿತ್ತು. ಸ್ಪಿರಿಟ್ಟಿನ ವಾಸನೆ ತಲೆಗೇರಿತ್ತು. ಎದುರು ಗೋಡೆಯ ಚಿತ್ರದಲ್ಲಿನ ನಾಯಿ ಹಲ್ಲು ಕಿರಿದು ತಮ್ಮನ್ನೇ ಆಡಿಕೊಳ್ಳುತ್ತಿದ್ದಂತೆ ಕಂಡಿತು. ಕೂಗಲು ಬಾಯಿ ತೆರೆದರು, ಸೂಜಿಗಳನ್ನು ನೋಡಿ ಮುಚ್ಚಿಕೊಂಡರು. ಇಡೀ ಡಿಪೋವನ್ನು ಬೆರಳ ತುದಿಯಲ್ಲಿ ಕುಣಿಸಿದವರನ್ನು ಒಂದು ಬೆಕ್ಕು ಕಟ್ಟಿಹಾಕಿತ್ತು.

ಬಾಗಿಲಾಚೆಯಿಂದ ಒಂದು ಉಸಿರು ಕೇಳಿಸಿತು. ನೀಳವಾಗಿ, ತೃಪ್ತಿಯಿಂದ ಬಿಟ್ಟ ಉಸಿರು. ಅವಳದೇ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹಾಗೆ ಉಸಿರು ಬಿಟ್ಟದ್ದನ್ನು ಅವರು ಕೇಳಿರಲಿಲ್ಲ.

ಬೆಕ್ಕೋ, ಹೆಂಡತಿಯೋ? ಸಾಹೇಬರು ಕಣ್ಣು ಮುಚ್ಚಿ ಎದ್ದುಬಿಟ್ಟರು.

ಸೂಜಿಗಳು ಚಳಚಳ ನೆಲಕ್ಕೆ ಉದುರಿದವು. ಸುಬೇದಾರ ತೊಡೆಯಿಂದ ಮೇಜಿಗೆ, ಮೇಜಿನಿಂದ ಆಳೆತ್ತರದ ಬೀರುವಿನ ನೆತ್ತಿಗೆ ಒಂದೇ ನೆಗೆತಕ್ಕೆ ಹಾರಿ, ಅಲ್ಲಿ ಕೂತು ಮುಂಗಾಲು ನೆಕ್ಕತೊಡಗಿದ. ಅದನ್ನು ನೋಡಲು ಅವರಿಗೆ ಪುರುಸೊತ್ತೆಲ್ಲಿ? ಜೋಮು ಹಿಡಿದ ಕಾಲನ್ನು ಎಳೆದುಕೊಂಡು ಹೋಗಿ ಬಾಗಿಲು ನೂಕಿದರು.

ಪರದೆ ಎಳೆದ ಕೋಣೆ. ಗೋಡೆಗೆ ತಾಗಿ ಒಂದು ಸಣ್ಣ ಮಂಚ. ಅದರ ಮೇಲೆ ಅವಳು ಒಬ್ಬಳೇ. ಮಡಚಿದ ಟವೆಲಿಗೆ ಕೆನ್ನೆ ಒತ್ತಿ, ಮಗ್ಗುಲಾಗಿ, ಬಾಯಿ ಅರೆ ತೆರೆದು ಮಲಗಿದ್ದಳು. ಹಿತ್ತಿಲ ಬಾಗಿಲಾಚೆ ನಲ್ಲಿಯ ಕೆಳಗೆ ಡಾಕ್ಟರು ನಾಯಿಗಳ ತಟ್ಟೆ ತೊಳೆಯುತ್ತಿದ್ದ. ಸಾಹೇಬರನ್ನು ಕಂಡದ್ದೇ ಒದ್ದೆ ಬೆರಳನ್ನು ತುಟಿಗಿಟ್ಟುಕೊಂಡು ಓಡಿಬಂದ.

"ಲೇ!" ಸಾಹೇಬರು ಕೂಗಿಯೇಬಿಟ್ಟರು.

ಅವಳ ಕಣ್ಣು ತೆರೆಯಲಿಲ್ಲ. ಕಾಲುಗಳು ಮಾತ್ರ ತಾವಾಗಿಯೇ ಮಂಚದಿಂದ ಇಳಿದು ಚಪ್ಪಲಿಗಾಗಿ ನೆಲ ತಡಕಿದವು.

"ಬಂದೇ ರೀ," ಎಂದಳು, ನಿದ್ದೆಯಲ್ಲೇ.

ಡಾಕ್ಟರು ಅವಳ ಕಾಲನ್ನು ಮೆಲ್ಲಗೆ ಎತ್ತಿ ಮಂಚದ ಮೇಲಿಟ್ಟು ಹೊದಿಕೆ ಸರಿಮಾಡಿದ. ಆಮೇಲೆ ಸಾಹೇಬರ ಕಿವಿಯ ಹತ್ತಿರ ಬಂದ.

"ಬೆಕ್ಕಿಗೆ ಏನೂ ಆಗಿಲ್ಲ ಯಜಮಾನ್ರೇ, ಸೂಜಿ ಬರೀ ಕೂದಲಲ್ಲಿ ಸಿಕ್ಸಿರೋದು. ಅರ್ಧ ಗಂಟೆ ನೀವು ಕರೀದೇ ಇರೋ ಹಾಗೆ ಏನಾದ್ರೂ ಮಾಡಿ ಅಂತ ಅಮ್ಮಾವ್ರೇ ಬಂದು ಕೇಳ್ಕೊಂಡ್ರು."