ಮುಖ ತಮ್ಮನದು

ಬೆಳಿಗ್ಗೆ ಹತ್ತೂವರೆ. ಹೂಡಿಕೆ ಕಂಪನಿಯ ಐದನೇ ಮಹಡಿಯಲ್ಲಿ, ಹೂಡಿಕೆದಾರನ ಎದುರು, ಸಂಸ್ಥಾಪಕನಿಗೆಂದು ಇಟ್ಟ ಕುರ್ಚಿಯಲ್ಲಿ ತಮ್ಮ ಕೂತ. ಅಕ್ಕ ಗೋಡೆಯ ಪಕ್ಕ ಕೂತಳು, ಎದೆಯ ಮೇಲೆ 'ಟೆಕ್ನಿಷಿಯನ್' ಎಂಬ ಚೀಟಿ.

ಕರೆಂಟ್ ಹೋದರೂ ಒಳಗಿನ ಮೇಣದ ಪದರದಿಂದಲೇ ಹನ್ನೊಂದು ಗಂಟೆ ಕಾಲ ಲಸಿಕೆಯನ್ನು ತಣ್ಣಗಿಡುವ ಪೆಟ್ಟಿಗೆ ಅಕ್ಕನದು. ಐದು ವರ್ಷದ ಕೆಲಸ. ಆರು ಹೂಡಿಕೆದಾರರು ಪೆಟ್ಟಿಗೆಯನ್ನು ಹೊಗಳಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದ್ದರು: "ವ್ಯವಹಾರ ನೋಡ್ಕೊಳ್ಳೋದು ಯಾರಮ್ಮ?"

ಏಳನೆಯವನಿಗೆ ಆ ಪ್ರಶ್ನೆ ಕೇಳಲು ಆಸ್ಪದವೇ ಕೊಡಬಾರದೆಂದು ಅವಳು ತೀರ್ಮಾನಿಸಿದಳು. ಟೈರ್ ಮಾರುತ್ತಿದ್ದ ತಮ್ಮನನ್ನು ಕರೆತಂದಳು. ಕಂಪನಿ, ಪೇಟೆಂಟ್ ಅರ್ಜಿ ಎರಡನ್ನೂ ಅವನ ಹೆಸರಿಗೆ ಮಾಡಿಸಿದಳು. ಬಂಡವಾಳ ಬಂದ ಮೇಲೆ ಅವನು ವಾಪಸ್ ಬರೆದುಕೊಡಬೇಕೆಂದು ಮಾತಾಗಿತ್ತು. ಬರಿಯ ಮಾತು.

ಕಷ್ಟವಾಗಿದ್ದು ಅವನಿಗೆ ಕಲಿಸುವುದು.

"ಅಕ್ಕಾ, ತಲೆಗೆ ಹೋಗ್ತಿಲ್ಲ. ಮೇಣ ಎಷ್ಟು, ಯಾಕೆ ಅಷ್ಟೇ, ಎಲ್ಲ ಬರೆದುಕೊಡು. ಮಗುವಿಗೆ ಹೇಳೋ ಹಾಗೆ."

"ಮಗುವಿಗಾದ್ರೆ ಇಷ್ಟೊತ್ತಿಗೆ ಅರ್ಥ ಆಗಿರೋದು ಕಣೋ."

ಬೈಯುತ್ತಲೇ ಬರೆದಳು. ಮೂರು ವಾರ ಅವನು ಪೆದ್ದುಪೆದ್ದಾಗಿ ಕೇಳುತ್ತಲೇ ಹೋದ. ಮುಚ್ಚಳ ಸೋರಿದರೆ ಏನು ಮಾಡೋದು? ಮೇಣ ಯಾವ ಅಂಗಡಿಯದು? ನೀನಿಲ್ಲದ ದಿನ ಯಾರನ್ನು ಕೇಳೋದು? ಇನ್ನೂರು ಪುಟವಾಯಿತು. ಅವನ ಶ್ರದ್ಧೆ ಕಂಡು ಅವಳ ಕಣ್ಣು ತುಂಬಿತ್ತು.

ಇವತ್ತು ಅವನು ಒಂದು ಕಡೆಯೂ ತಡವರಿಸಲಿಲ್ಲ.

"ಇಷ್ಟೆಲ್ಲ ತಲೇಲಿ ಇಟ್ಕೊಂಡು ನಿದ್ದೆ ಯಾವಾಗ ಮಾಡ್ತೀರಿ?" ಹೂಡಿಕೆದಾರ ನಕ್ಕ.

"ಮನೇಲಿ ಅಕ್ಕ ಇದ್ದಾರೆ ಸಾರ್. ಎಲ್ಲ ಅವರ ಆಶೀರ್ವಾದ."

ಅಕ್ಕ ನಗು ತಡೆಯಲು ತಲೆ ತಗ್ಗಿಸಿದಳು.

"ಆಯ್ತು, ಬಂಡವಾಳ ಹಾಕ್ತೀವಿ." ಹೂಡಿಕೆದಾರ ಒಪ್ಪಂದವನ್ನು ಮುಂದೆ ಸರಿಸಿದ. "ನಾಲ್ಕನೇ ಷರತ್ತು ಒಮ್ಮೆ ನೋಡ್ಕೊಳ್ಳಿ. ಈಗಿರೋ ಟೆಕ್ನಿಷಿಯನ್ ಇವತ್ತಿಂದ ಕೆಲಸದಲ್ಲಿ ಇರೋ ಹಾಗಿಲ್ಲ. ಪೆಟ್ಟಿಗೆ ಮೇಲೆ ಅವರಿಗೆ ಯಾವ ಹಕ್ಕೂ ಇಲ್ಲ."

ತಮ್ಮನೋ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ. ಎಂದಿನಂತೆ ಇದೂ ಇವನ ತಲೆಗೆ ಹೋಗಿಲ್ಲ ಎಂದುಕೊಂಡು ಅಕ್ಕ ಎದ್ದು ನಿಂತಳು.

"ಲೋ, ಸರಿಯಾಗಿ ಓದೋ. ಅದು ನಾನು ಕಣೋ!"

ಹೂಡಿಕೆದಾರ ಅವಳನ್ನು ನೋಡಿದ. ಆಮೇಲೆ ತಮ್ಮನನ್ನು. "ಇವರಿಗೆ ಇನ್ನೂ ಹೇಳಿಲ್ವಾ? ಈ ಷರತ್ತು ಸೇರಿಸಿ ಅಂದಿದ್ದು ನೀವೇ ಅಲ್ವಾ?"

ತಮ್ಮ ಮೂರು ಕಡೆ ಸಹಿ ಹಾಕಿದ.

ಅದೇ ಮಧ್ಯಾಹ್ನ, ಊರಾಚೆಯ ಬಾಡಿಗೆ ಶೆಡ್ಡಿನಲ್ಲಿ ಹೊಸ ಟೆಕ್ನಿಷಿಯನ್ ತಾನೇ ಕಟ್ಟಿದ ಹನ್ನೆರಡನೇ ಪೆಟ್ಟಿಗೆಯನ್ನು ಲಾರಿಗೆ ಏರಿಸಿದ. ಅವನು ತಮ್ಮನ ಬಳಿ ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ತಮ್ಮ ದಿನವೂ ಅಕ್ಕನನ್ನು ಕೇಳುತ್ತಿದ್ದುದು ಈ ಹೊಸಬನ ಪ್ರಶ್ನೆಗಳನ್ನು.