ಫ್ಯಾನ್ ಬೇಡದ ಮನೆ

ಪರಿಸರಸ್ನೇಹಿ ಮನೆ ಬೇಕೆಂದು ಆ ವಾರ ಎಂಜಿನಿಯರನ್ನು ಕರೆದವರಲ್ಲಿ ಈ ಮನೆಯವರು ಎಷ್ಟನೆಯವರೋ. ಬಿಸಿಲಲ್ಲಿ ಅಲೆದು ಸಾಕಾಗಿದ್ದ ಎಂಜಿನಿಯರ್ ಒಳಗೆ ಬಂದು, ದಪ್ಪ ಮಣ್ಣಿನ ಗೋಡೆಗೆ ಒರಗಿ ಕೂತು ಮಜ್ಜಿಗೆ ಕುಡಿದರು. ಕಣ್ಣು ತಾನಾಗಿ ಮುಚ್ಚಿಬರುತ್ತಿತ್ತು. ಮೂಲೆಯಲ್ಲಿ ಮನೆಯ ಹಿರಿಯಾಕೆ ಚಾಪೆಯೂ ಇಲ್ಲದೆ ಕೆಂಪು ನೆಲಕ್ಕೆ ಕೆನ್ನೆಯಿಟ್ಟು ನಿದ್ದೆಹೋಗಿದ್ದರು.

"ಫ್ಯಾನ್ ಹಾಕ್ಲಾ ಸಾರ್?" ಸೊಸೆ ಕೇಳಿದಳು.

"ಬೇಡಮ್ಮ, ತಣ್ಣಗೇ ಇದೆ. ನಿಮಗೆ ಎಂಥ ಮನೆ ಬೇಕು, ಹೇಳಿ."

ಅವಳ ಗಂಡ ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದ. "ಮಣ್ಣಿನ ಗೋಡೆ, ರೆಡ್ ಆಕ್ಸೈಡ್ ನೆಲ. ಸಿಮೆಂಟ್ ಆದಷ್ಟು ಕಮ್ಮಿ ಇರ್ಲಿ. ಬೇಸಿಗೇಲೂ ಫ್ಯಾನ್ ಬೇಕು ಅನ್ನಿಸ್ಬಾರ್ದು."

"ಈ ಮನೆ ಥರಾನೇ ಅನ್ನಿ."

"ಅಯ್ಯೋ, ಇದು ಹಳೇದು ಸಾರ್. ಬಾಗಿಲು ಬೇರೆ ದಕ್ಷಿಣಕ್ಕಿದೆ, ವಾಸ್ತು ಸರಿ ಇಲ್ಲ. ನಮಗೆ ಪೂರ್ವದ ಬಾಗಿಲೇ ಆಗ್ಬೇಕು."

ಎಂಜಿನಿಯರ್ ಆಕಳಿಸುತ್ತ ಎಲ್ಲವನ್ನೂ ಬರೆದುಕೊಂಡರು. "ಆಯ್ತು. ಸೈಟು ಎಲ್ಲಿದೆ, ಒಂದ್ಸಲ ನೋಡ್ಕೊಂಡು ಬರೋಣ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಸ್ವಲ್ಪ ಮೆಲ್ಲಗೆ ಮಾತಾಡಿ ಸಾರ್," ಸೊಸೆ ದನಿ ತಗ್ಗಿಸಿದಳು. "ಈ ಮನೆ ಕೆಡವೋ ವಿಷ್ಯ ಅತ್ತೆಗೆ ಇನ್ನೂ ಹೇಳಿಲ್ಲ."